ಮನಸ್ಸಿನ ಗಾಯಕ್ಕೂ ಸರಕಾರವೇ ಹೊಣೆ



ಪ್ರತಿ ವರ್ಷ ಡಿಸೆಂಬರ್ 7ನೆಯ ತಾರೀಖು ಸೈನಿಕರ ಧ್ವಜ ದಿನವೆಂದು ಶಾಲೆಗಳಲ್ಲಿಯೂ ಕಚೇರಿಗಳಲ್ಲಿಯೂ ಡಬ್ಬಿ ಹಿಡಿದು ಹಣ ಕೂಡಿಸುತ್ತಾರೆ. ಇದು 1949ರಿಂದ ನಡೆದು ಬಂದಿರುವ ಪದ್ಧತಿ. ತೋಟದ ಕೂಲಿಯವರಾದ ನಾವೂ ನಮ್ಮ ಮಕ್ಕಳ ಕೈಯಲ್ಲಿ ನಾಣ್ಯ ಕೊಟ್ಟು ಕಳುಹಿಸುತ್ತೇವೆ. ಅವರು ಅಂಗಿಗೆ ಚಿಕ್ಕ ಧ್ವಜ ಚುಚ್ಚಿಕೊಂಡು ಸಂತೋಷದಿಂದ ಮನೆಗೆ ಬರುತ್ತಾರೆ. ಕೊಡುವುದು ಒಳ್ಳೆಯದೇ. ಆದರೆ ದಾನ ಬೇರೆ, ಹೊಣೆ ಬೇರೆ. ಸೈನಿಕನನ್ನು ಯುದ್ಧಕ್ಕೆ ಕಳುಹಿಸಿದ್ದು ಡಬ್ಬಿ ಹಿಡಿದ ಶಾಲೆಯ ಹುಡುಗನಲ್ಲ, ಕಳುಹಿಸಿದ್ದು ಸರಕಾರ. ಹಾಗಾದರೆ ಅವನು ಗಾಯಗೊಂಡು ತಿರುಗಿ ಬಂದಾಗ ಆ ಗಾಯದ ಖರ್ಚು ಯಾರದು?

ಕಾಲು ಹೋದವನ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ಸಿಕ್ಕಿದೆ. ಪುಣೆಯಲ್ಲಿ 1944ರಿಂದಲೂ ಸೈನಿಕರಿಗೆ ಕೃತಕ ಕೈಕಾಲು ಜೋಡಿಸುವ ಕೇಂದ್ರವಿದೆ. ಅದನ್ನು ಯಾರೂ ದಾನವೆಂದು ಕರೆಯುವುದಿಲ್ಲ. ಆದರೆ ಮನಸ್ಸು ಮುರಿದು ಬಂದವನ ವಿಷಯದಲ್ಲಿ ಇಂದಿಗೂ ತಕ್ಕ ಉತ್ತರ ಸಿಕ್ಕಿಲ್ಲ. ಅವನ ಗಾಯ ಕಣ್ಣಿಗೆ ಕಾಣುವುದಿಲ್ಲ. ಆದುದರಿಂದ ಅವನಿಗೆ ಗಾಯವೇ ಆಗಿಲ್ಲವೆಂದು ಜನ ತಿಳಿಯುತ್ತಾರೆ. ಈ ತಿಂಗಳು ನಾವು ಬರೆಯಬೇಕೆಂದಿರುವುದು ಇವನ ಕುರಿತಾಗಿಯೇ.

ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ ಮದ್ರಾಸ್ ರೆಜಿಮೆಂಟಿನ ಕೇಂದ್ರವಿದೆ. ಬೆಟ್ಟದ ಹುಡುಗರಿಗೆ ಮಿಲಿಟರಿ ದೂರದ ಮಾತಲ್ಲ. ಲೈನಿನಲ್ಲಿ ಹುಟ್ಟಿದ ಹುಡುಗನಿಗೆ ಕೂಲಿಯಿಂದ ಹೊರಗೆ ಹೋಗಲು ಇರುವ ಕೆಲವೇ ದಾರಿಗಳಲ್ಲಿ ಅದೂ ಒಂದು. ಹೋದವರು ಸಿಯಾಚಿನ್ ಮಂಜಿನಲ್ಲಿ ಕಾವಲು ಕಾದಿದ್ದಾರೆ, ಕಾಶ್ಮೀರದ ಕಣಿವೆಗಳಲ್ಲಿ ರಾತ್ರಿ ಕಳೆದಿದ್ದಾರೆ, 1987ರಿಂದ 1990ರ ವರೆಗೆ ಸಿಂಹಳಕ್ಕೆ ಹೋದ ಶಾಂತಿಪಾಲನಾ ಪಡೆಯಲ್ಲಿಯೂ ಇದ್ದರು. ಆ ಪಡೆಯಲ್ಲಿ ಸುಮಾರು 1,200 ಭಾರತೀಯ ಸೈನಿಕರು ಪ್ರಾಣ ಬಿಟ್ಟರು. ಸತ್ತವರ ಹೆಸರು ಕಲ್ಲಿನ ಮೇಲೆ ಕೆತ್ತಲಾಗಿದೆ. ಪಕ್ಕದಲ್ಲಿದ್ದ ಗೆಳೆಯ ಚೂರಾದುದನ್ನು ನೋಡಿ ಬದುಕಿ ಬಂದವನು ಅದನ್ನು ಮನಸ್ಸಿನಲ್ಲಿಯೇ ಹೊತ್ತುಕೊಂಡು ತಿರುಗುತ್ತಾನೆ.

ಅಂಥವನು ಹೇಗಿರುತ್ತಾನೆಂದು ಅವನ ಮನೆಯವರಿಗೆ ಗೊತ್ತು. ರಾತ್ರಿ ಕಿರುಚಿ ಏಳುತ್ತಾನೆ. ಹಬ್ಬದ ಪಟಾಕಿ ಸದ್ದಿಗೆ ಬೆವರುತ್ತಾನೆ. ಬಾಗಿಲಿಗೆ ಬೆನ್ನು ಹಾಕಿ ಕೂಡುವುದಿಲ್ಲ. ಮಕ್ಕಳ ಮೇಲೆ ಪ್ರೀತಿ ಇದ್ದರೂ ಹತ್ತಿರ ಕರೆಯಲಾರ. ಚಿಕ್ಕ ಮಾತಿಗೆ ಕೈಯೆತ್ತಿ, ಆಮೇಲೆ ಒಬ್ಬನೇ ಕೂತು ಅಳುತ್ತಾನೆ. ನಿದ್ದೆಗಾಗಿ ಕುಡಿಯುತ್ತಾನೆ. ಕ್ಯಾಂಟೀನ್ ರಮ್ಮು ಹತ್ತಿರದಲ್ಲಿ ಸಿಗುತ್ತದೆ, ಮನಸ್ಸಿನ ಡಾಕ್ಟರು ಮಾತ್ರ ದೂರದಲ್ಲಿರುತ್ತಾನೆ. ಲೈನಿನವರು ಅವನಿಗೆ ಗಾಳಿ ಸೋಕಿದೆ ಎನ್ನುತ್ತಾರೆ, ಕೆಲವರು ಸೊಕ್ಕು ಎನ್ನುತ್ತಾರೆ. ನಮ್ಮ ಸಭೆಯವರಲ್ಲಿ ಕೆಲವರು ಅವನಿಗೆ ವಿಶ್ವಾಸ ಸಾಲದು ಎನ್ನುತ್ತಾರೆ. ಇವೆಲ್ಲವೂ ತಪ್ಪು. ಇದಕ್ಕೆ ವೈದ್ಯರು ಆಘಾತದ ನಂತರದ ಮನೋರೋಗವೆಂದು ಹೆಸರಿಟ್ಟಿದ್ದಾರೆ. ಇದಕ್ಕೆ ಚಿಕಿತ್ಸೆಯೂ ಉಂಟು.

ಈ ರೋಗಕ್ಕೆ ಹೆಸರು ಸಿಗುವುದಕ್ಕೆ ಮುಂಚೆ ಎಷ್ಟು ಜನ ಅನ್ಯಾಯವಾಗಿ ಸತ್ತರೆಂಬುದನ್ನು ನಾವು ತಿಳಿದಿರಬೇಕು. ಮೊದಲನೆಯ ಮಹಾಯುದ್ಧದಲ್ಲಿ ಫಿರಂಗಿ ಗುಂಡುಗಳ ನಡುವೆ ನಿಂತ ಸಿಪಾಯಿಗಳು ಮಾತು ಕಳೆದುಕೊಂಡು, ಕೈಕಾಲು ನಡುಗುತ್ತಾ ಆಸ್ಪತ್ರೆಗೆ ಬಂದರು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯರು ಇದನ್ನು 'ಶೆಲ್ ಶಾಕ್' ಎಂಬ ಹೆಸರಿನಿಂದ ವೈದ್ಯಪತ್ರಿಕೆಯಲ್ಲಿ ಬರೆದರು. ಆದರೆ ಸೈನ್ಯದ ಅಧಿಕಾರಿಗಳು ಇದನ್ನು ಬಹುಮಟ್ಟಿಗೆ ಹೇಡಿತನವೆಂದೇ ಎಣಿಸಿದರು. ಓಡಿಹೋದರು, ಹೇಡಿಗಳಾದರು ಎಂಬಂಥ ಆರೋಪಗಳ ಮೇಲೆ ಬ್ರಿಟಿಷ್ ಸಾಮ್ರಾಜ್ಯದ ಸೈನ್ಯವು ತನ್ನದೇ 306 ಸಿಪಾಯಿಗಳನ್ನು ಗುಂಡಿಟ್ಟು ಕೊಂದಿತು. ಅವರಲ್ಲಿ ಹಲವರು ಮನಸ್ಸು ಮುರಿದ ರೋಗಿಗಳಾಗಿದ್ದರು. ಅವರಿಗೆ ಕ್ಷಮೆ ಸಿಕ್ಕಿದ್ದು 2006ರಲ್ಲಿ, ಸುಮಾರು ತೊಂಬತ್ತು ವರ್ಷಗಳ ಮೇಲೆ.

ಆ ಕಾಲದಲ್ಲಿಯೂ ದಯೆಯಿಂದ ಚಿಕಿತ್ಸೆ ಮಾಡಿದ ಒಬ್ಬ ವೈದ್ಯರಿದ್ದರು. ಅವರ ಹೆಸರು ಡಬ್ಲ್ಯು. ಎಚ್. ಆರ್. ರಿವರ್ಸ್. ನಮ್ಮ ಬೆಟ್ಟಕ್ಕೂ ಅವರಿಗೂ ನಂಟುಂಟು. 1901-02ರಲ್ಲಿ ಅವರು ನೀಲಗಿರಿಗೆ ಬಂದು ತೋಡರ ಮಂದುಗಳಲ್ಲಿ ತಿರುಗಾಡಿ, ಅವರ ಜೀವನವನ್ನು ಕುರಿತು 1906ರಲ್ಲಿ ದೊಡ್ಡ ಪುಸ್ತಕವನ್ನು ಪ್ರಕಟಿಸಿದರು. ಜನರ ಮಾತನ್ನು ತಾಳ್ಮೆಯಿಂದ ಕೇಳಿ ಅಭ್ಯಾಸವಿದ್ದ ಅದೇ ವ್ಯಕ್ತಿ ಯುದ್ಧಕಾಲದಲ್ಲಿ ಸ್ಕಾಟ್ಲೆಂಡಿನ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ಮನಸ್ಸು ನೊಂದ ಸೈನಿಕರ ಪಕ್ಕದಲ್ಲಿ ಕೂತು, ಅವರ ಭಯವನ್ನು ಬಾಯಿಬಿಟ್ಟು ಹೇಳುವಂತೆ ಮಾಡಿ ಗುಣಪಡಿಸಲು ದುಡಿದರು. ಆದರೆ ಒಂದು ಮಾತನ್ನು ಕೂಲಿಗಾರರಾದ ನಾವು ಗಮನಿಸಬೇಕು. ಆ ಆಸ್ಪತ್ರೆ ಅಧಿಕಾರಿಗಳಿಗೆ ಮಾತ್ರ. ಸಾಮಾನ್ಯ ಸಿಪಾಯಿಗಳಲ್ಲಿ ಅನೇಕರಿಗೆ ಬೇರೆ ಆಸ್ಪತ್ರೆಗಳಲ್ಲಿ ಸಿಕ್ಕಿದ್ದು ಗದರಿಕೆ. ಕೆಲವರಿಗೆ ಗಂಟಲಿಗೆ ವಿದ್ಯುತ್ ಮುಟ್ಟಿಸುವ ಹಿಂಸೆ. ದೊರೆಗೆ ಒಂದು ಔಷಧ, ಆಳಿಗೆ ಒಂದು ಔಷಧ. ತೋಟದಲ್ಲಿ ಬದುಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಯುದ್ಧಕ್ಕೆ ನಮ್ಮ ದೇಶದಿಂದ ಹತ್ತು ಲಕ್ಷಕ್ಕೂ ಮೇಲ್ಪಟ್ಟು ಜನ ಕಡಲು ದಾಟಿ ಹೋದರು. ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಯವರು 1918ರ ಸೆಪ್ಟೆಂಬರ್ 23ರಂದು ಪಾಲೆಸ್ತೀನದ ಹೈಫಾ ಪಟ್ಟಣದ ಯುದ್ಧದಲ್ಲಿ ಕಾದಾಡಿದರು. ಅವರ ಶೌರ್ಯದ ಮಾತನ್ನು ಪ್ರತಿ ವರ್ಷ ಆಡುತ್ತೇವೆ. ಹಿಂತಿರುಗಿದ ಮೇಲೆ ಅವರ ರಾತ್ರಿಗಳು ಹೇಗಿದ್ದವೆಂದು ಯಾರೂ ಕೇಳುವುದಿಲ್ಲ.

ಈಗ ಅಮೆರಿಕದ ಕಥೆಯನ್ನು ಕೇಳಿರಿ. ಎರಡನೆಯ ಮಹಾಯುದ್ಧದಲ್ಲಿ ಅಲ್ಲಿಯ ಲಕ್ಷಾಂತರ ಜನರನ್ನು ಮನಸ್ಸಿನ ಕಾರಣದಿಂದ ಸೈನ್ಯಕ್ಕೆ ತೆಗೆದುಕೊಳ್ಳಲಾಗಲಿಲ್ಲ, ಸೇರಿದವರಲ್ಲಿ ಲಕ್ಷಾಂತರ ಜನ ಅದೇ ಕಾರಣದಿಂದ ಹೊರಗೆ ಬಂದರು. ಸರಕಾರಕ್ಕೆ ಕಣ್ಣು ತೆರೆಯಿತು. 1946ರಲ್ಲಿ ಅಧ್ಯಕ್ಷ ಟ್ರೂಮನ್ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾಯಿದೆಗೆ ರುಜು ಹಾಕಿದರು. ಅದರಿಂದ 1949ರಲ್ಲಿ ಸರಕಾರದ ಹಣದಲ್ಲಿಯೇ ಒಂದು ದೊಡ್ಡ ಸಂಶೋಧನಾ ಸಂಸ್ಥೆ ಹುಟ್ಟಿತು. ಆದರೂ ವಿಯೆಟ್ನಾಂ ಯುದ್ಧದಿಂದ ಬಂದವರ ಕೂಗನ್ನು ಬಹಳ ಕಾಲ ಯಾರೂ ಕೇಳಲಿಲ್ಲ. ಆಗ ಆ ಮಾಜಿ ಸೈನಿಕರು ಏನು ಮಾಡಿದರು? ತಾವೇ ಚಿಕ್ಕ ಚಿಕ್ಕ ಗುಂಪು ಕಟ್ಟಿಕೊಂಡು, ಒಬ್ಬರ ನೋವನ್ನು ಒಬ್ಬರು ಕೇಳಿ, ಒಟ್ಟಾಗಿ ಬಾಗಿಲು ತಟ್ಟಿದರು. 1979ರಲ್ಲಿ ಸರಕಾರವು ಊರುಗಳಲ್ಲಿ ಅವರಿಗಾಗಿ ಸಲಹಾ ಕೇಂದ್ರಗಳನ್ನು ತೆರೆಯಲು ಒಪ್ಪಿತು. 1980ರಲ್ಲಿ ಅಮೆರಿಕದ ಮನೋವೈದ್ಯರು ಈ ರೋಗವನ್ನು ತಮ್ಮ ಅಧಿಕೃತ ಪಟ್ಟಿಗೆ ಸೇರಿಸಿದರು. 1983ರಲ್ಲಿ ಅಲ್ಲಿಯ ಸಂಸತ್ತು ಈ ರೋಗ ಎಷ್ಟು ಜನರಲ್ಲಿದೆಯೆಂದು ಲೆಕ್ಕ ಹಾಕಿ ತೋರಿಸಬೇಕೆಂದು ಆಜ್ಞೆ ಮಾಡಿತು. ಲೆಕ್ಕ ಹಾಕಿದಾಗ, ವಿಯೆಟ್ನಾಂಗೆ ಹೋಗಿ ಬಂದ ಗಂಡಸರಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ಬಾಳಿನಲ್ಲಿ ಒಂದಲ್ಲ ಒಂದು ಕಾಲದಲ್ಲಿ ಈ ರೋಗ ಬಂದಿತ್ತು. ಯುದ್ಧ ಮುಗಿದು ಹತ್ತು ವರ್ಷಗಳಿಗೂ ಮೇಲಾಗಿದ್ದರೂ ನೂರಕ್ಕೆ 15 ಮಂದಿ ಆಗಲೂ ನರಳುತ್ತಿದ್ದರು. 1989ರಲ್ಲಿ ಈ ಒಂದು ರೋಗಕ್ಕಾಗಿಯೇ ರಾಷ್ಟ್ರೀಯ ಕೇಂದ್ರ ಸ್ಥಾಪನೆಯಾಯಿತು.

ಇದರಿಂದ ನಾವು ಕಲಿಯತಕ್ಕ ಪಾಠವೇನು? ಹಣವಿಲ್ಲದೆ ಲೆಕ್ಕವಿಲ್ಲ, ಲೆಕ್ಕವಿಲ್ಲದೆ ಚಿಕಿತ್ಸೆಯಿಲ್ಲ. ಸಂಶೋಧನೆಯೆಂದರೆ ಪಟ್ಟಣದ ವಿದ್ವಾಂಸರ ವಿನೋದವೆಂದು ತಿಳಿಯಬಾರದು. ಯಾವ ಚಿಕಿತ್ಸೆ ಗುಣ ಕೊಡುತ್ತದೆ, ಯಾವುದು ಕೊಡುವುದಿಲ್ಲ ಎಂಬುದನ್ನು ಸಾವಿರ ಜನರನ್ನು ನೋಡಿಯೇ ಹೇಳಬೇಕು. ಅಂಥ ಕೆಲಸಕ್ಕೆ ವರ್ಷಗಟ್ಟಲೆ ಹಣ ಕೊಡುವ ಶಕ್ತಿ ಸರಕಾರಕ್ಕಲ್ಲದೆ ಯಾರಿಗಿದೆ? ತಡವಾಗಿ ಎಚ್ಚೆತ್ತುದಕ್ಕೆ ಅಮೆರಿಕ ಇಂದಿಗೂ ಬೆಲೆ ತೆರುತ್ತಿದೆ. 2022ನೆಯ ಒಂದೇ ವರ್ಷದಲ್ಲಿ ಅಲ್ಲಿ 6,400ಕ್ಕೂ ಹೆಚ್ಚು ಮಾಜಿ ಸೈನಿಕರು ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸರಕಾರಿ ಮಾಜಿ ಸೈನಿಕರ ಆಸ್ಪತ್ರೆಗಳ ಆರೈಕೆಯ ಹೊರಗಿದ್ದವರು. ಆದರೆ ಆ ಸರಕಾರ ಪ್ರತಿ ವರ್ಷ ಲೆಕ್ಕವನ್ನು ಜನರ ಮುಂದೆ ಇಡುತ್ತದೆ. ಅವಮಾನದ ಲೆಕ್ಕವಾದರೂ ಮುಚ್ಚಿಡುವುದಿಲ್ಲ. ಆ ಪದ್ಧತಿ ನಮ್ಮಲ್ಲಿಯೂ ಬರಬೇಕು.

ನಮ್ಮ ದೇಶದಲ್ಲಿ ಏನೂ ಇಲ್ಲವೆಂದು ಹೇಳಿದರೆ ಅದು ಸುಳ್ಳಾದೀತು. 2003ರಿಂದ ಮಾಜಿ ಸೈನಿಕರ ಆರೋಗ್ಯ ಯೋಜನೆ ನಡೆಯುತ್ತಿದೆ. 2004ರಲ್ಲಿ ಮಾಜಿ ಸೈನಿಕರ ಕಲ್ಯಾಣಕ್ಕೆ ಪ್ರತ್ಯೇಕ ಇಲಾಖೆ ಆಯಿತು. 2017ರ ಮಾನಸಿಕ ಆರೋಗ್ಯ ಕಾಯಿದೆ 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಸರಕಾರ ನಡೆಸುವ ಅಥವಾ ಹಣ ಕೊಡುವ ಮಾನಸಿಕ ಚಿಕಿತ್ಸೆಯನ್ನು ಪಡೆಯುವುದು ಪ್ರತಿಯೊಬ್ಬನ ಹಕ್ಕೆಂದು ಅದು ಹೇಳುತ್ತದೆ. ಬಡತನದ ರೇಖೆಗಿಂತ ಕೆಳಗಿರುವವನಿಗೆ ಕಾರ್ಡು ಇರಲಿ ಇಲ್ಲದಿರಲಿ, ಸರಕಾರಿ ಆಸ್ಪತ್ರೆಯಲ್ಲಿ ಖರ್ಚಿಲ್ಲದೆ ನೋಡಬೇಕು. 2022ರಲ್ಲಿ ಟೆಲಿ ಮಾನಸ್ ಎಂಬ ಫೋನ್ ಸೇವೆ ಶುರುವಾಯಿತು. 2023ರ ಡಿಸೆಂಬರ್‌ನಲ್ಲಿ ಪುಣೆಯ ಸೈನಿಕ ವೈದ್ಯಕೀಯ ಕಾಲೇಜಿನಲ್ಲಿ ಸೈನಿಕರಿಗಾಗಿಯೇ ಅದರ ಒಂದು ವಿಭಾಗ ತೆರೆಯಿತು. ಇವೆಲ್ಲ ಒಳ್ಳೆಯ ಕೆಲಸಗಳು.

ಆದರೆ ಬಾಗಿಲು ಎಲ್ಲರಿಗೂ ತೆರೆದಿಲ್ಲ. 2003ರ ಆರೋಗ್ಯ ಯೋಜನೆ ಮುಖ್ಯವಾಗಿ ಪಿಂಚಣಿ ಪಡೆಯುವವರಿಗೆ. ಮನಸ್ಸಿನ ರೋಗ ಬಂದು ಸೈನ್ಯದಿಂದ ಹೊರಗಾದ ಸಿಪಾಯಿಯ ಕಾಗದದಲ್ಲಿ, ಈ ರೋಗ ಸೇವೆಯಿಂದ ಬಂದದ್ದಲ್ಲ ಎಂದು ಒಂದು ಸಾಲು ಬರೆದರೆ ಸಾಕು, ಅಂಗವೈಕಲ್ಯದ ಪಿಂಚಣಿಗಾಗಿ ಅವನು ವರ್ಷಗಟ್ಟಲೆ ಅಲೆಯಬೇಕು. ಈ ವಿಷಯದಲ್ಲಿ ಸುಪ್ರೀಂ ಕೋರ್ಟು 2013ರಲ್ಲಿ ಧರಮ್‌ವೀರ್ ಸಿಂಗ್ ಮೊಕದ್ದಮೆಯಲ್ಲಿ ನ್ಯಾಯವಾದ ಮಾತು ಹೇಳಿತು. ಸೇರುವಾಗ ಕಾಗದದಲ್ಲಿ ರೋಗದ ಸುಳಿವು ಇಲ್ಲದಿದ್ದರೆ ಅವನು ಆರೋಗ್ಯವಂತನಾಗಿಯೇ ಸೇರಿದನೆಂದು ತಿಳಿಯಬೇಕು. ರೋಗ ಸೇವೆಯಿಂದ ಬಂದದ್ದಲ್ಲವೆಂದು ತೋರಿಸುವ ಭಾರ ಸರಕಾರದ ಮೇಲಿದೆ, ರೋಗಿಯ ಮೇಲಲ್ಲ ಎಂಬುದು ಅದರ ಸಾರ. 2023ರಲ್ಲಿ ಸರಕಾರ ಈ ಪಿಂಚಣಿಯ ನಿಯಮಗಳನ್ನು ಹೊಸದಾಗಿ ಬರೆದಾಗ ಮಾಜಿ ಸೈನಿಕರಲ್ಲಿ ಅನೇಕರು ಆತಂಕಪಟ್ಟರು. ನಿಯಮದ ಅಕ್ಷರ ಏನೇ ಇರಲಿ, 2013ರ ತೀರ್ಪಿನ ನ್ಯಾಯವನ್ನು ಬಿಟ್ಟುಕೊಡತಕ್ಕದ್ದಲ್ಲ.

ಇನ್ನೊಂದು ಮಾತು ನಮ್ಮ ಮಕ್ಕಳಿಗೆ ಸಂಬಂಧಿಸಿದ್ದು. 2022ರ ಅಗ್ನಿಪಥ ಯೋಜನೆಯ ಪ್ರಕಾರ ಸಿಪಾಯಿಯಾಗಿ ಸೇರುವ ಹುಡುಗ ನಾಲ್ಕು ವರ್ಷಕ್ಕೆ ಸೇರುತ್ತಾನೆ. ಅವರಲ್ಲಿ ಶೇಕಡಾ 25ರವರೆಗೆ ಮಾತ್ರ ಉಳಿಸಿಕೊಳ್ಳುವುದಾಗಿ ಯೋಜನೆ ಪ್ರಕಟಿಸಿದಾಗ ಸರಕಾರ ಹೇಳಿತು. ಉಳಿದವರಿಗೆ ಒಂದು ಗಂಟು ಹಣ ಉಂಟು, ಪಿಂಚಣಿ ಇಲ್ಲ. ಇಪ್ಪತ್ತೆರಡು ಇಪ್ಪತ್ತಮೂರು ವರ್ಷಕ್ಕೆ ಮನೆಗೆ ಬಂದವನಿಗೆ ಮೂವತ್ತನೆಯ ವರ್ಷದಲ್ಲಿ ಈ ರೋಗ ಕಾಣಿಸಿಕೊಂಡರೆ ಅವನು ಯಾರ ಹತ್ತಿರ ಹೋಗಬೇಕು? ಈ ಗಾಯ ಕೆಲವರಲ್ಲಿ ವರ್ಷಗಳ ಮೇಲೆ ತಲೆ ಎತ್ತುತ್ತದೆಂದು ವೈದ್ಯರು ಬಲ್ಲರು. ದುಡಿಸಿಕೊಂಡದ್ದು ನಾಲ್ಕೇ ವರ್ಷವಾದರೂ ಗಾಯದ ಹೊಣೆ ನಾಲ್ಕು ವರ್ಷಕ್ಕೆ ತೀರುವುದಿಲ್ಲ.

ಸೇವೆಯಲ್ಲಿರುವವರ ಸ್ಥಿತಿಯೂ ಚಿಂತೆಗೆ ಕಾರಣವಾಗಿದೆ. 2022ರಲ್ಲಿ ಸರಕಾರವೇ ಸಂಸತ್ತಿನಲ್ಲಿ ಕೊಟ್ಟ ಉತ್ತರದ ಪ್ರಕಾರ, ಹಿಂದಿನ ಐದು ವರ್ಷಗಳಲ್ಲಿ ಮೂರು ಪಡೆಗಳಲ್ಲಿ 819 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ 642 ಮಂದಿ ಭೂಸೇನೆಯವರು. ಸೇವೆಯಲ್ಲಿರುವಾಗಲೇ ಹೀಗಿದ್ದರೆ, ಕೈಯಲ್ಲಿ ಕೆಲಸವಿಲ್ಲದೆ, ಜೊತೆಗಾರರಿಲ್ಲದೆ ಮನೆಗೆ ಬಂದವರನ್ನು ನೋಡಿಕೊಳ್ಳುವುದು ಎಷ್ಟು ಅವಶ್ಯ!

ಕೂಲಿಗಾರರಾದ ನಮಗೆ ಈ ಹೊಣೆಯ ತತ್ವ ಹೊಸದಲ್ಲ. ಗಿಡ ಸವರುವ ಕತ್ತಿ ತಗುಲಿ ಬೆರಳು ಹೋದರೆ ತೋಟದವರು ಪರಿಹಾರ ಕೊಡಬೇಕು. ಕೆಲಸದಿಂದ ಬಂದ ಗಾಯಕ್ಕೆ ಕೆಲಸ ಕೊಟ್ಟವನೇ ಹೊಣೆಯೆಂದು 1923ರ ಪರಿಹಾರ ಕಾಯಿದೆ ಹೇಳಿತು. ತೋಟದಲ್ಲಿ ಆಸ್ಪತ್ರೆಯ ಅನುಕೂಲ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆ ಹೇಳಿತು. ಕಾಯಿದೆಯ ಹೆಸರು ಬದಲಾಗಬಹುದು, ತತ್ವ ಬದಲಾಗದು. ಸೈನಿಕನಿಗೆ ಕೆಲಸ ಕೊಟ್ಟದ್ದು ಸರಕಾರ; ಸಂಘ ಕಟ್ಟುವ ಹಕ್ಕೂ ಅವನಿಗಿಲ್ಲ. ಆದುದರಿಂದ ಅವನ ಪರವಾಗಿ ಮಾತಾಡುವ ಕರ್ತವ್ಯ ಸಂಘ ಕಟ್ಟಿರುವ ನಮ್ಮಂಥವರ ಮೇಲಿದೆ.

ಯೇಸುಸ್ವಾಮಿ ಹೇಳಿದ ಸಮಾರ್ಯದವನ ಸಾಮ್ಯವನ್ನು ನೆನೆಯಿರಿ. ಗಾಯಗೊಂಡವನಿಗೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ್ದನ್ನು ಎಲ್ಲರೂ ಬೋಧಿಸುತ್ತಾರೆ. ಆಮೇಲಿನ ಮಾತನ್ನು ನಾವು ಬೇಗ ದಾಟಿಬಿಡುತ್ತೇವೆ. ಅವನು ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ತಾನು ತಿರುಗಿ ಬಂದಾಗ ತೀರಿಸುವುದಾಗಿ ಮಾತು ಕೊಟ್ಟನು. ಅಂದರೆ ಕನಿಕರಕ್ಕೆ ಹಣದ ಏರ್ಪಾಡೂ ಸೇರಿರಬೇಕು, ಅದೂ ಗುಣವಾಗುವ ತನಕ ನಡೆಯುವ ಏರ್ಪಾಡು. ಒಂದು ದಿನದ ಸನ್ಮಾನ, ಒಂದು ಶಾಲು, ಒಂದು ಭಾಷಣ ಇದಕ್ಕೆ ಸಾಟಿಯಲ್ಲ.

ಇಲ್ಲಿ ಕೆಲವರು ಕೇಳಬಹುದು: "ನಮಗೇ ನೆಟ್ಟಗೆ ಡಾಕ್ಟರಿಲ್ಲ, ಮಿಲಿಟರಿಯವರಿಗೆ ಪಿಂಚಣಿ ಬೇರೆ ಇದೆ, ಅವರಿಗೇಕೆ ಇನ್ನೂ?" ಈ ಪ್ರಶ್ನೆಯಲ್ಲಿ ನ್ಯಾಯವಿಲ್ಲದೆ ಇಲ್ಲ. ಆದರೆ ಸೈನಿಕನಿಗಾಗಿ ಕಂಡುಹಿಡಿದದ್ದು ಸೈನಿಕನಲ್ಲಿಯೇ ನಿಲ್ಲುವುದಿಲ್ಲ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕೈ, ಚೂರಲ್ಮಲೆಗಳಲ್ಲಿ ಗುಡ್ಡ ಕುಸಿದು ನಮ್ಮಂಥದೇ ತೋಟದ ಕುಟುಂಬಗಳು ಪಾಡಿಗಳ ಸಮೇತ ಕೊಚ್ಚಿಹೋದವು. ಉಳಿದವರು ಮಳೆ ಸದ್ದಾದರೆ ನಡುಗುತ್ತಾರೆ. ಅವರಿಗೆ ಯಾವ ರೋಗವೆಂದು ಗುರುತಿಸಿ ಸಂತೈಸುವ ವಿದ್ಯೆ ವೈದ್ಯರಿಗೆ ಬಂದದ್ದು ಬಹುಪಾಲು ಯುದ್ಧದಿಂದ ಬಂದ ಸೈನಿಕರನ್ನು ನೋಡಿಯೇ. ಬಲಾತ್ಕಾರಕ್ಕೆ ಒಳಗಾದ ಹೆಂಗಸಿಗೂ, ಅಪಘಾತದಲ್ಲಿ ಉಳಿದ ಮಗುವಿಗೂ ಅದೇ ವಿದ್ಯೆ ಉಪಕಾರವಾಗುತ್ತದೆ. ಅದೇ ಚೂರಲ್ಮಲೆಯಲ್ಲಿ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಜವಾನರು ಹಗಲು ರಾತ್ರಿ ದುಡಿದು 190 ಅಡಿ ಉದ್ದದ ಬೈಲಿ ಸೇತುವೆ ಕಟ್ಟಿದರು. ಸೈನಿಕರು ಕೆಸರಿನಿಂದ ಹೆಣಗಳನ್ನು ಎತ್ತಿದರು. ಅವರೂ ಮನುಷ್ಯರೇ. ಅವರ ಕಣ್ಣಿನಿಂದ ಆ ನೋಟ ಹೋಗುವುದು ಹೇಗೆ?

ದಾರಿಯೂ ನಮ್ಮ ನಾಡಿನಲ್ಲಿಯೇ ಉಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು. ದೊಡ್ಡ ಆಸ್ಪತ್ರೆಗೆ ರೋಗಿಯನ್ನು ಎಳೆಯುವ ಬದಲಾಗಿ, ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಅಲ್ಲಿಯೇ ಮಾನಸಿಕ ಚಿಕಿತ್ಸೆ ಸಿಗುವಂತೆ ಮಾಡಿದರು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ಬಳ್ಳಾರಿಯ ಬಯಲಿನಲ್ಲಿ ಆದದ್ದು ಗೂಡಲೂರಿನ ಬೆಟ್ಟದಲ್ಲಿ ಏಕೆ ಆಗಬಾರದು?

ಆದುದರಿಂದ ನಾವು ಸರಕಾರವನ್ನು ಕೇಳುವುದಿಷ್ಟೇ. ಪಿಂಚಣಿ ಇರಲಿ ಇಲ್ಲದಿರಲಿ, ಒಂದು ದಿನವಾದರೂ ಸೈನ್ಯದ ಸಮವಸ್ತ್ರ ಧರಿಸಿದವನಿಗೆ ಮನಸ್ಸಿನ ಚಿಕಿತ್ಸೆ ಉಚಿತವಾಗಿ ಸಿಗಲಿ. ಅವನ ಹೆಂಡತಿ ಮಕ್ಕಳಿಗೂ ಸಲಹೆ ಸಿಗಲಿ, ಏಕೆಂದರೆ ಆ ಗಾಯದ ಅರ್ಧ ಭಾರ ಹೊರುವವರು ಅವರೇ. ಬೆಟ್ಟದ ತಾಲ್ಲೂಕುಗಳಿಗೆ ತಿಂಗಳಿಗೊಮ್ಮೆಯಾದರೂ ಮನೋವೈದ್ಯರು ಬರಲಿ. ರೋಗಿಯ ಭಾಷೆಯಲ್ಲಿ, ಕನ್ನಡದವನಾದರೆ ಕನ್ನಡದಲ್ಲಿ, ಮಾತಾಡಲಿ. ಮಾಜಿ ಸೈನಿಕರ ಮನೋರೋಗದ ಸಂಶೋಧನೆಗೆ ಬಜೆಟ್ಟಿನಲ್ಲಿ ಪ್ರತ್ಯೇಕ ಹಣ ಇಟ್ಟು, ಅದರ ಫಲವನ್ನೂ ಸಾವಿನ ಲೆಕ್ಕವನ್ನೂ ಪ್ರತಿ ವರ್ಷ ಜನರ ಮುಂದಿಡಲಿ.

ನಮ್ಮ ಕೈಯಲ್ಲಿರುವ ಕೆಲಸವನ್ನೂ ಮರೆಯಬಾರದು. ಇಂಥವನು ಮನೆಯಲ್ಲಿದ್ದರೆ ಅವನ ಡಿಸ್ಚಾರ್ಜ್ ಪುಸ್ತಕ, ಮೆಡಿಕಲ್ ಬೋರ್ಡಿನ ಕಾಗದಗಳನ್ನು ಜೋಪಾನವಾಗಿಡಿ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಅರ್ಜಿ ಕೊಟ್ಟು ರಸೀದಿ ಪಡೆಯಿರಿ. ಪಿಂಚಣಿ ತಪ್ಪಿದ್ದರೆ ಸೈನಿಕರ ನ್ಯಾಯಮಂಡಳಿಯ ಪೀಠಗಳು ಚೆನ್ನೈಯಲ್ಲಿಯೂ ಕೊಚ್ಚಿಯಲ್ಲಿಯೂ ಇವೆ. ವಕೀಲರಿಗೆ ಹಣವಿಲ್ಲವೆಂದು ಕೈಚೆಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿರಿ. ಸಾಯುವ ಮಾತಾಡುವವನನ್ನು ಒಬ್ಬನೇ ಬಿಡಬೇಡಿ. 14416 ನಂಬರಿಗೆ ಯಾವ ಹೊತ್ತಿನಲ್ಲಿಯೂ ಫೋನ್ ಮಾಡಬಹುದು; ಕನ್ನಡದಲ್ಲಿ ಮಾತಾಡುವವರಿದ್ದಾರೆ, ಖರ್ಚಿಲ್ಲ. ಏಟು ತಿನ್ನುವ ಹೆಂಗಸು ಸಹಿಸಿಕೊಂಡಿರಬೇಕೆಂದು ಯಾರೂ ಹೇಳಬಾರದು. ಅವಳ ರಕ್ಷಣೆ ಮೊದಲು, ಅವನ ಚಿಕಿತ್ಸೆ ಜೊತೆಜೊತೆಗೆ.

ಸಭೆಯ ಹಿರಿಯರಿಗೂ ಉಪದೇಶಿಗಳಿಗೂ ಒಂದು ಬಿನ್ನಹ. ಕರ್ಮೆಲ್ ಬೆಟ್ಟದ ಮೇಲೆ ಗೆದ್ದು ಬಂದ ಎಲೀಯನು ಜಾಲಿ ಗಿಡದ ಕೆಳಗೆ ಕೂತು ತನಗೆ ಸಾವು ಬರಲೆಂದು ಬೇಡಿಕೊಂಡನು. ದೇವರು ಅವನನ್ನು ಗದರಿಸಲಿಲ್ಲ. ದೂತನನ್ನು ಕಳುಹಿಸಿ ರೊಟ್ಟಿ ಕೊಟ್ಟನು, ನೀರು ಕೊಟ್ಟನು, ಮಲಗಗೊಟ್ಟನು. ಪ್ರಾರ್ಥನೆ ಮಾಡಿರಿ, ಆದರೆ ಡಾಕ್ಟರು ಕೊಟ್ಟ ಮಾತ್ರೆಯನ್ನು ನಿಲ್ಲಿಸಿರೆಂದು ಯಾರಿಗೂ ಹೇಳಬೇಡಿರಿ.

ಗೆರಸೇನರ ಸೀಮೆಯಲ್ಲಿ ಸಮಾಧಿಗಳ ನಡುವೆ ವಾಸವಾಗಿದ್ದ ಮನುಷ್ಯನ ಕಥೆ ನಿಮಗೆಲ್ಲ ತಿಳಿದದ್ದೇ. ಊರಿನವರಿಗೆ ಅವನಿಗಾಗಿ ಹೊಳೆದ ಏರ್ಪಾಡು ಸಂಕೋಲೆ ಒಂದೇ. ಕರ್ತನು ಅವನ ಹೆಸರೇನೆಂದು ಕೇಳಿದಾಗ ಬಂದ ಉತ್ತರ 'ದಂಡು' ಎಂದು. ದಂಡೆಂದರೆ ಸೈನ್ಯವೇ ಅಲ್ಲವೇ? ಕರ್ತನು ಅವನನ್ನು ಸ್ವಸ್ಥಬುದ್ಧಿಯುಳ್ಳವನನ್ನಾಗಿ ಮಾಡಿ, ಅವನ ಸ್ವಂತ ಜನರ ಬಳಿಗೆ, ಅವನ ಮನೆಗೆ ಕಳುಹಿಸಿದನು. ನಮ್ಮ ಲೈನುಗಳಿಗೆ ತಿರುಗಿ ಬಂದಿರುವ ಸೈನಿಕರೂ ಹಾಗೆಯೇ ನಿಜವಾಗಿ ಮನೆ ಸೇರುವಂತಾಗಲಿ. ಅದಕ್ಕೆ ಬೇಕಾದ ಹಣವನ್ನು, ಅವರನ್ನು ಕಳುಹಿಸಿದ ಸರಕಾರವೇ ಕೊಡಲಿ.